ಕೋಡಿಯಿಲ್ಲದ ಕೆರೆಯ ಉಪ್ಪು

ಹೊತ್ತು ಏರಿ ಬಿಸಿಲು ಕಾಯತೊಡಗಿದಂತೆ ಕೆರೆಯ ಕಡೆಯಿಂದ ಚಿಟಿಚಿಟಿ ಎಂಬ ಸದ್ದು ಬರುತ್ತಿತ್ತು. ಯಾರೋ ಬಹಳ ದೂರದಲ್ಲಿ ಕೂತು ಗಾಜಿನ ಬಳೆಗಳನ್ನು ಒಂದೊಂದಾಗಿ ಮುರಿಯುತ್ತಿರುವಂತೆ. ನೀರು ಬತ್ತಿದ ಕೆರೆಯಂಗಳದಲ್ಲಿ ರಾತ್ರಿಯ ಚಳಿಗೆ ಕಟ್ಟಿದ ಬಿಳಿ ಪದರ ಹಗಲಿಗೆ ಒಣಗಿ ಬಿರಿಯುವ ಸದ್ದು ಅದು. ಮಾಗಿ ಇರುವಷ್ಟು ದಿನ ಮಾತ್ರ ಕೇಳುತ್ತದೆ. ಹಟ್ಟಿಯ ಉಳಿದ ಮನೆಗಳಿಗೆ ಅಷ್ಟಾಗಿ ತಲುಪುತ್ತಿರಲಿಲ್ಲ. ಕಾಳಕ್ಕನ ಮನೆ ಕಡೆಯದು. ಅದರ ಬಾಗಿಲು ಕೆರೆಯನ್ನೇ ನೋಡುತ್ತಿತ್ತು.

ಕಾಳಕ್ಕನನ್ನು ನಾನು ಒಂದೇ ಸಲ ನೋಡಿದ್ದು, ಅವಳು ಮುದುಕಿಯಾದ ಮೇಲೆ, ಹೊಸದುರ್ಗದ ಸಂತೆಯಲ್ಲಿ. ಉಣ್ಣೆ ನೂಲಿನ ಉಂಡೆಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು. ಎಡಗೈ ತುಂಬ ಹಸಿರು ಬಳೆ, ಬಲಗೈ ಬರಿದು. ನಮ್ಮಜ್ಜಿ ಪಾರ್ವತಮ್ಮ ಅವಳ ಮುಂದೆ ಸ್ವಲ್ಪ ಹೊತ್ತು ನಿಂತಳು. ಮನೆಗೆ ಬಂದ ಮೇಲೆ ಅಜ್ಜಿ ಹೇಳಿದ್ದು ಈ ಕಥೆ.

ಹಟ್ಟಿ ಇದ್ದದ್ದು ಮಾಡದಕೆರೆಯಿಂದ ಒಳಗೆ, ಗುಡ್ಡಗಳ ನಡುವಿನ ತಗ್ಗಿನಲ್ಲಿ. ಸುತ್ತಲಿನ ಮಳೆನೀರೆಲ್ಲ ಹರಿದು ಬಂದು ಅಲ್ಲಿ ನಿಲ್ಲುತ್ತಿತ್ತು. ಆ ಕೆರೆಗೆ ಕೋಡಿ ಇರಲಿಲ್ಲ. ಬಂದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲಿಗೆ ಆರಿಯೇ ಹೋಗಬೇಕು. ನೀರು ಹೋಗುತ್ತಿತ್ತು, ನೀರು ಹೊತ್ತು ತಂದದ್ದು ಉಳಿಯುತ್ತಿತ್ತು. ಕಾರ್ತೀಕ ಕಳೆಯುವಷ್ಟರಲ್ಲಿ ನಡುವೆ ಒಂದಿಷ್ಟು ಮಡು, ಸುತ್ತ ಕಣ್ಣು ಕೋರೈಸುವ ಬಿಳುಪು. ಹಟ್ಟಿಯವರು ಅದನ್ನು ಸೌಳಕೆರೆ ಎನ್ನುತ್ತಿದ್ದರು. ಕುರಿಗಳನ್ನು ಅಲ್ಲಿಗೆ ಇಳಿಸುತ್ತಿರಲಿಲ್ಲ. ನೆಕ್ಕಿದ ಕುರಿ ಎರಡು ದಿನ ಭೇದಿ ಹತ್ತಿ ಸೊರಗುತ್ತಿತ್ತು.

ಕಾಳಕ್ಕನ ಗಂಡ ಓಬಣ್ಣ ಕುರಿ ಕಾಯುವವನು, ಜೊತೆಗೆ ಕಂಬಳಿ ನೇಯುವವನು. ಕಾಳಕ್ಕ ನೂಲುತ್ತಿದ್ದಳು, ಹುಣಸೆಬೀಜದ ಗಂಜಿ ಕಾಯಿಸಿ ಮಗ್ಗಕ್ಕೆ ಹಾಸಿದ ನೂಲಿಗೆ ಬಳಿಯುತ್ತಿದ್ದಳು. ಮನೆಬಳಕೆಯ ಕಂಬಳಿಗೆ ಎಲ್ಲಿಯ ನೀರಾದರೂ ನಡೆಯುತ್ತಿತ್ತು. ಆದರೆ ಬೀರಪ್ಪನ ಗದ್ದುಗೆಗೆ ಹಾಸುವ ಕರಿಕಂಬಳಿಯ ಕಟ್ಟುಪಾಡು ಬೇರೆ. ಒಂದು ಬಿಳಿ ಕೂದಲೂ ಇಲ್ಲದ ಕುರಿಗಳನ್ನು ವೇದಾವತಿಯವರೆಗೆ ಹೊಡೆದುಕೊಂಡು ಹೋಗಿ ಹರಿಯುವ ನೀರಿನಲ್ಲೇ ತೊಳೆಯಬೇಕು. ಗಂಜಿಗೂ ಹೊಳೆಯ ನೀರನ್ನೇ ತರಬೇಕು. ಕೋಡಿಯಿಲ್ಲದ ಕೆರೆಯ ನೀರು ಆ ಉಣ್ಣೆಗೆ ಸೋಕಬಾರದು. ಮಗ್ಗದಿಂದ ಇಳಿಸಿದ ಮೇಲೆ ಅದನ್ನು ಮನೆಯ ಒಳಮೂಲೆಯ ಕಟ್ಟೆಯ ಮೇಲೆ ಹಾಸುತ್ತಾರೆ. ಪೂಜೆಯ ದಿನ ನೇಯ್ದವನೇ ಎತ್ತಿ ದೇವರಿಗೆ ಒಪ್ಪಿಸಬೇಕು. ಅಲ್ಲಿಯವರೆಗೆ ಅವನ ಕೈ ಬಿಟ್ಟು ಬೇರೆ ಕೈ ಅದನ್ನು ಮುಟ್ಟುವ ಹಾಗಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಆ ಮಾಗಿಯಲ್ಲಿ ಓಬಣ್ಣ ಗದ್ದುಗೆ ಕಂಬಳಿ ಇಳಿಸಿ ಕಟ್ಟೆಯ ಮೇಲೆ ಹಾಸಿದ. ಮರುದಿನ ಮುಂಜಾನೆ ಮಂಜು ಇನ್ನೂ ಹರಿದಿರಲಿಲ್ಲ. ದೊಡ್ಡಿಯಲ್ಲಿ ಒಂದು ಗಬ್ಬದ ಕುರಿ ಕಾಣಲಿಲ್ಲ. ಕೆರೆಯ ಕಡೆ ಹೋಗಿರಬೇಕು ಎಂದು ಕೋಲು ಹಿಡಿದು ಹೊರಟ. ಬಿಸಿಲು ಬಂದ ಮೇಲೆ ಕುರಿ ತಾನಾಗಿಯೇ ಮರಳಿತು, ಹೊಟ್ಟೆಯವರೆಗೆ ಬಿಳಿ ಮೆತ್ತಿಕೊಂಡು. ಓಬಣ್ಣ ಬರಲಿಲ್ಲ.

ಕಾಳಕ್ಕ ಹಟ್ಟಿಯ ಗಂಡಸರನ್ನು ಕೂಗಿ ಕರೆದುಕೊಂಡು ಕೆರೆಗೆ ಓಡಿದಳು. ಬಿಳಿ ಪದರದ ಕೆಳಗೆ ಕರಿ ಕೆಸರು. ಗಳ ಇಳಿಸಿದರೆ ಗಳ ಇಳಿಯುತ್ತಲೇ ಹೋಗುತ್ತಿತ್ತು. ಆಚೆ ದಡ, ಈಚೆ ದಡ ಸುತ್ತಿದರು. ಗಂಡಸರು ಹಿಂದಿರುಗಿದ ಮೇಲೂ ಕಾಳಕ್ಕ ಒಬ್ಬಳೇ ಆಚೆ ದಡದ ಕಲ್ಲುಗಳ ನಡುವೆ ಸಂಜೆಯವರೆಗೂ ಹೆಸರು ಹಿಡಿದು ಕೂಗಿದಳು. ಸಿಕ್ಕಿದ್ದು ಏನೂ ಇಲ್ಲ. ಕೋಲು ಕೂಡ ಇಲ್ಲ.

ಮನೆಗೆ ಬಂದರೆ ಅತ್ತೆ ಬರಗೇರಮ್ಮ ತನ್ನ ಚಾಪೆಯ ಮೇಲೆ ಎದ್ದು ಕೂತಿದ್ದಳು. ಅವಳಿಗೆ ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತು. ಕಾಲೂ ಬಿದ್ದುಹೋಗಿತ್ತು.

"ಲೇ ಕಾಳಿ, ಓಬ ಬಂದಿದ್ದ ಕಣೇ. ಮೈಯೆಲ್ಲ ತಣ್ಣಗಿತ್ತು. ಚಳಿ ಅಂದ. ಮಲಗಿದ್ದ. ಆಮ್ಯಾಲೆ ಎದ್ದು ಹೋದ."

ಹಿಂದಿನ ವಾರವಷ್ಟೇ ಅವಳು ಸತ್ತುಹೋದ ತನ್ನ ಗಂಡ ಬಂದು ಮುದ್ದೆ ಕೇಳಿದ ಎಂದಿದ್ದಳು. ಯಾರೂ ಆ ಮಾತಿಗೆ ನಿಲ್ಲಲಿಲ್ಲ. ಕಾಳಕ್ಕ ಒಳಮೂಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಕತ್ತಲು. ಕಂಬಳಿ ಹಾಸಿದಂತೆಯೇ ಕಪ್ಪಗೆ ಇತ್ತು. ಕರಿ ಉಣ್ಣೆಯ ಮೇಲೆ ನೀರು ಬಿದ್ದರೂ ಕಾಣುವುದಿಲ್ಲ. ಮುಟ್ಟಿ ನೋಡುವ ಹಾಗಿರಲಿಲ್ಲ.

ಆಮೇಲೆ ಸುದ್ದಿಗಳು ಹುಟ್ಟಿಕೊಂಡವು. ಹಿರಿಯೂರಿನ ಕಡೆ ಗಾಡಿ ಹೊಡೆಯುತ್ತಿದ್ದಾನೆ ಎಂದರು ಕೆಲವರು. ಹೊಳಲ್ಕೆರೆಯ ರೈಲು ನಿಲ್ದಾಣದಲ್ಲಿ ಕಂಬಳಿ ಹೊದ್ದು ಕೂತಿದ್ದ ಎಂದರು ಇನ್ನು ಕೆಲವರು. ಕಾಳಕ್ಕ ಎರಡು ಕಡೆಗೂ ಹೋಗಿ ಬಂದಳು. ಹಿರಿಯೂರಿನಲ್ಲಿ ಗಾಡಿ ಹೊಡೆಯುತ್ತಿದ್ದವನು ಬೇರೆ ಯಾವನೋ ಓಬಣ್ಣ. ಅವನ ಹೆಂಡತಿ ಇವಳನ್ನು ಕೂರಿಸಿ ಊಟ ಹಾಕಿದಳಂತೆ, ನಿನ್ನ ಗಂಡ ಸಿಗೋವರೆಗೆ ನನ್ನ ಗಂಡನ್ನ ಮಾತ್ರ ಕೇಳಬ್ಯಾಡ ತಾಯಿ ಎಂದು ನಗಿಸಿದಳಂತೆ.

ಬಳೆ ಕಾಳಕ್ಕನ ಕೈಯಲ್ಲೇ ಉಳಿದವು. ಕಂಬಳಿ ಕಟ್ಟೆಯ ಮೇಲೆಯೇ ಉಳಿಯಿತು.

ಆ ಮಳೆಗಾಲದಲ್ಲಿ ಬರಗೇರಮ್ಮ, ಮೂಲೆಯಿಂದ ತಂಪು ಬರುತ್ತೈತೆ, ನನ್ನ ಮಗ ಬೆವರ್‍ತಾನೆ ಎನ್ನುತ್ತಿದ್ದಳು. ಮರುವರ್ಷದ ಮಾಗಿ ಬಂತು. ಒಂದು ಬೆಳಿಗ್ಗೆ ಬಾಗಿಲಿನಿಂದ ಬಿಸಿಲಕೋಲು ಒಳಮೂಲೆಗೆ ಬಿದ್ದಾಗ ಕಾಳಕ್ಕ ನೋಡಿದಳು. ಕಂಬಳಿಯ ಮೇಲೆ ಬಿಳಿ ಎದ್ದಿತ್ತು. ಮೊದಲು ಬೂಷ್ಟು ಎಂದುಕೊಂಡಳು. ಬೂಷ್ಟಲ್ಲ. ರೇಷ್ಮೆಗಿಂತ ಸಣ್ಣ ಎಳೆಗಳು, ಉಸಿರು ತಗುಲಿದರೆ ಬಾಗುವಂಥವು, ನೆಟ್ಟಗೆ ನಿಂತಿದ್ದವು. ಎಲ್ಲ ಕಡೆಯೂ ಇರಲಿಲ್ಲ. ಒಂದು ಹೆಗಲು, ಉದ್ದ ಬೆನ್ನು, ಮಡಚಿದ ಮೊಣಕಾಲು. ಓಬಣ್ಣ ಎಡಮಗ್ಗುಲಾಗಿ, ಕಾಲು ಮಡಚಿಕೊಂಡು ಮಲಗುತ್ತಿದ್ದ.

ನವಿಲುಗರಿಯಿಂದ ಸವರಿದಳು. ಉದುರಿತು. ನಾಲ್ಕು ದಿನಕ್ಕೆ ಮತ್ತೆ ಎದ್ದಿತು, ಅದೇ ಆಕಾರದಲ್ಲಿ.

ಬರಗೇರಮ್ಮನಿಗೆ ಕಣ್ಣು ಕಾಣದಿದ್ದರೂ ಸುದ್ದಿ ತಿಳಿಯಿತು. ಅಂದಿನಿಂದ ಅವಳು ತನ್ನ ಚಾಪೆಯನ್ನು ಕಟ್ಟೆಯ ಪಕ್ಕಕ್ಕೆ ಹಾಕಿಸಿಕೊಂಡಳು. ಕಂಬಳಿಯ ಕಡೆ ಮುಖ ಮಾಡಿ ಮಾತಾಡುತ್ತಿದ್ದಳು. "ಇಲ್ಲೇ ಮಲಗಪ್ಪ. ಅವಳು ಕೆರೆ ತಾವ ಹೋಗ್ಯಾಳೆ. ಬತ್ತಾಳೆ. ನೀನು ಹೋಗಬ್ಯಾಡ ಮಗಾ." ಕಾಳಕ್ಕ ಪಕ್ಕದಲ್ಲೇ ಕೂತು ಕದಿರು ತಿರುಗಿಸುತ್ತಿದ್ದರೂ ಅದೇ ಮಾತು. ನಾನು ಇಲ್ಲೇ ಇದೀನಿ ಅತ್ತೆ ಎಂದರೆ ದನಿ ಬಂದ ಕಡೆ ಒಮ್ಮೆ ಮುಖ ತಿರುಗಿಸುವಳು. ಮತ್ತೆ ಶುರು. ಅವಳು ಕೆರೆ ತಾವ ಹೋಗ್ಯಾಳೆ. ನೀನು ಹೋಗಬ್ಯಾಡ.

ಹಟ್ಟಿಯ ಯಜಮಾನ ಚಿತ್ರಲಿಂಗಪ್ಪ ಕೆಟ್ಟವನಲ್ಲ. ಬೀರಪ್ಪನ ಗದ್ದುಗೆ ಬರಿದಾಗಿ ಉಳಿದಿದೆ ಎಂಬುದೇ ಅವನ ಸಂಕಟ. ಓಬಣ್ಣ ಇದ್ದಾನೆ ಎಂದಾದರೆ ಆ ಕಂಬಳಿಯನ್ನು ಅವನೇ ಎತ್ತಬೇಕು. ಇಲ್ಲ ಎಂದಾದರೆ ಕರ್ಮ ಮುಗಿಸಿ ಬೇರೆಯವರ ಕೈಯಲ್ಲಿ ನೇಯಿಸಬಹುದು. ಒಂದು ಮಾಗಿ ತಡೆದ. ಮುಂದಿನ ಮಾಗಿಯಲ್ಲೂ ಬಿಳಿ ಎದ್ದಾಗ ಬಾಗಿಲಲ್ಲಿ ನಿಂತು ನೋಡಿದ. ಒಳಗೆ ಬರಲಿಲ್ಲ.

"ಕಾಳಿ, ಸತ್ತೋನು ಮನೆಗೆ ಬಂದು ಮಲಗ್ಯಾನೆ. ಇನ್ನೂ ಎಷ್ಟು ದಿನ ಅವನ್ನ ಹಂಗೇ ಇಟ್ಕಂತೀಯ? ಬಳೆ ತೆಗೆಸು."

ಇದು ಕೆರೆಯ ಉಪ್ಪು ಎಂದಳು ಕಾಳಕ್ಕ. ಎಳೆಯನ್ನು ನಾಲಿಗೆಗೆ ಇಟ್ಟು ನೋಡಿದ್ದಳು. ಮೊದಲು ತಣ್ಣಗೆ, ಆಮೇಲೆ ಉಪ್ಪು, ಕಡೆಗೆ ಕಹಿ. ಕೆರೆಯದೂ ಹಾಗೆಯೇ. ಉಪ್ಪು ಎಲ್ಲಾದರೂ ಮನುಷ್ಯನ ಹಾಗೆ ಮಲಗುತ್ತದಾ ಎಂದು ಚಿತ್ರಲಿಂಗಪ್ಪ ಕೇಳಿದ. ಬಲ್ಲವರು ಯಾರಾದರೂ ಬಾಯಿಬಿಟ್ಟು ಹೇಳಲಿ, ಆಗ ಒಪ್ಪುತ್ತೇನೆ, ಶಿವರಾತ್ರಿ ಅಮಾವಾಸ್ಯೆಯವರೆಗೆ ಕಾಯುತ್ತೇನೆ ಎಂದ.

ಕಾಳಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ. ಅದು ಉಪ್ಪಾದರೆ ಕಂಬಳಿಯ ಮೇಲೆ ಮಲಗಿದವರು ಯಾರೂ ಇಲ್ಲ. ಯಾರೂ ಇಲ್ಲದಿದ್ದರೆ ಗಂಡ ಎಲ್ಲೋ ಇದ್ದಾನೆ.

ಹೊಸದುರ್ಗದಲ್ಲಿ ನಮ್ಮ ತಾತ ಶಿವಕುಮಾರಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಬಾವಿ ನೀರು, ಹೊಲದ ಮಣ್ಣು ಹೀಗೆ ಏನೇನೋ ಹಿಡಿದುಕೊಂಡು ಜನ ಅವರ ಮನೆಗೆ ಬರುತ್ತಿದ್ದರು. ಕಾಳಕ್ಕ ಬಂದದ್ದು ಮಧ್ಯಾಹ್ನದ ಬಸ್ಸಿಗೆ. ಜಗಲಿಯ ಮೇಲೆ ಕೂತು, ಕೆರೆಯ ಹರಳು ಕಟ್ಟಿ ತಂದಿದ್ದ ಸೆರಗಿನ ಗಂಟು ಬಿಚ್ಚಿದಳು. ಬಿಚ್ಚಿದವಳು ಹಾಗೇ ನೋಡುತ್ತ ಕೂತುಬಿಟ್ಟಳು. ಒಳಗೆ ಬಿಳಿ ಹಿಟ್ಟು.

"ನಾನು ಇದನ್ನ ತರಲಿಲ್ಲ ಅಮ್ಮಾರೆ," ಎಂದಳು ಅಜ್ಜಿಗೆ. "ಲಾಟೀನಿನ ಗಾಜಿನಂಗಿತ್ತು. ಬೆರಳುದ್ದ ಇತ್ತು. ಆಚೆಯದು ಕಾಣ್ತಿತ್ತು."

ಅಜ್ಜಿ ಮಜ್ಜಿಗೆ ಕೊಟ್ಟಳು. ಕಾಳಕ್ಕ ಕುಡಿಯದೆ ಹಿಟ್ಟನ್ನೇ ನೋಡುತ್ತಿದ್ದಳು. ಅಜ್ಜಿಗೆ ಅವಳ ಮೇಲೆ ಸಂಶಯ ಬರಲಿಲ್ಲ. ಒಂದು ವಸ್ತು ತನ್ನ ಜಾಗ ಬಿಟ್ಟು ಬರಲಾರದೆ ದಾರಿಯಲ್ಲೇ ಪ್ರಾಣ ಬಿಟ್ಟ ಹಾಗಿತ್ತು.

ತಾತ ಶಾಲೆಯಿಂದ ಬಂದರು. ಹಿಟ್ಟನ್ನು ಕೆಂಡದ ಮೇಲೆ ಉದುರಿಸಿದರು. ಸಿಡಿಯಲಿಲ್ಲ, ಹಾಗಾಗಿ ಸಿಡಿಮದ್ದಿಗೆ ಹಾಕುವ ಪೆಟ್ಲುಪ್ಪಲ್ಲ. ನಾಲಿಗೆಗೆ ಒಗರಿಲ್ಲ, ಹಾಗಾಗಿ ಪಟಿಕವಲ್ಲ. ಅಂಗಡಿಯಲ್ಲಿ ಸಿಗುವ ಭೇದಿ ಉಪ್ಪಿನ ಹಾಗೆಯೇ ಕಹಿ ಇತ್ತು. ಅದೇ ಇರಬಹುದು ಎಂದು ತಾತ ಮೊದಲು ಹೇಳಿಬಿಟ್ಟರು. ಆಮೇಲೆ ತಂತಿಯ ತುದಿಗೆ ಹಚ್ಚಿ ದೀಪಕ್ಕೆ ಹಿಡಿದಾಗ ಉರಿ ಅರಿಶಿನದಂತೆ ಹಳದಿಯಾಯಿತು. ಭೇದಿ ಉಪ್ಪಿಗೆ ಹಾಗಾಗುವುದಿಲ್ಲ, ನಾನು ಅವಸರ ಮಾಡಿದೆ ಎಂದರು. ಶಾಲೆಯಿಂದ ತಂದ ಒಂದು ಔಷಧದ ಹನಿಯನ್ನು ಅದರ ನೀರಿಗೆ ಬಿಟ್ಟಾಗ ಹಾಲು ಒಡೆದಂತೆ ಬಿಳಿ ಗಸಿ ಇಳಿಯಿತು. ಗಂಧಕದ ಆಮ್ಲದಿಂದ ಹುಟ್ಟುವ ಉಪ್ಪುಗಳ ಗುರುತು ಅದು. ಸಲ್ಫೇಟ್ ಎಂದರು.

ಗಾಜಿನಂತಿದ್ದದ್ದು ಹಿಟ್ಟಾದದ್ದಕ್ಕೂ ಅವರ ಬಳಿ ಕಾರಣವಿತ್ತು. ಆ ಹರಳಿನೊಳಗೆ ನೀರು ಸೇರಿರುತ್ತದೆ. ಅರ್ಧಕ್ಕಿಂತ ಹೆಚ್ಚು ತೂಕ ಬರೀ ನೀರೇ. ಒಣ ಗಾಳಿಗೆ ಬಂದರೆ ನೀರು ಹೊರಟುಹೋಗಿ ಹರಳು ಕುಸಿಯುತ್ತದೆ. ಕೋಡಿಯಿಲ್ಲದ ಕೆರೆಗಳು ಬತ್ತಿದಾಗ, ಚಳಿಯ ರಾತ್ರಿಗಳಲ್ಲಿ, ಇಂಥದ್ದು ಹುಟ್ಟುತ್ತದಂತೆ. ಪುಸ್ತಕ ತೆಗೆದು ಹೆಸರನ್ನೂ ಓದಿದರು, ಮಿರಾಬಿಲೈಟ್. ಕಾಳಕ್ಕ ಆ ಹೆಸರನ್ನು ಬಾಯಲ್ಲಿ ತಿರುಗಿಸಲು ನೋಡಿ ಬಿಟ್ಟಳು.

ಆದರೆ ಇದು ಕೆರೆಯದಾಯಿತು. ಕಂಬಳಿಯ ಮೇಲಿನದೂ ಇದೇ ಎನ್ನಲು ಅದನ್ನೂ ನೋಡಬೇಕು ಎಂದರು ತಾತ.

ಒಂದು ವಾರ ಬಿಟ್ಟು ಮತ್ತೆ ಬಂದಳು. ಮುತ್ತುಗದ ಎಲೆಯಲ್ಲಿ ಕಂಬಳಿಯ ಬಿಳಿ. ಮಡಕೆಯಲ್ಲಿ ಕೆರೆಯ ನೀರಿನೊಳಗೇ ಮುಳುಗಿಸಿಟ್ಟ ಹರಳು. ಅವು ಹಿಟ್ಟಾಗಿರಲಿಲ್ಲ. ಅಜ್ಜಿ ಒಂದನ್ನು ಬೆಳಕಿಗೆ ಹಿಡಿದಳು. ಅದರೊಳಗಿಂದ ಬೀದಿ, ಎದುರು ಮನೆ, ತೆಂಗಿನ ಮರ ಎಲ್ಲ ಕಂಡವು. ಎಲ್ಲವೂ ನೀರಿನಡಿ ಇದ್ದಂತೆ. ಬೇಗ ಮಡಕೆಗೆ ಹಾಕಿಬಿಟ್ಟಳು.

ತಾತ ಎರಡನ್ನೂ ಬೇರೆಬೇರೆ ಬಿಸಿನೀರಿನಲ್ಲಿ ಕರಗಿಸಿ, ಎರಡು ಹಿತ್ತಾಳೆ ತಟ್ಟೆಗೆ ಸುರಿದು, ಹಿತ್ತಿಲಿನ ಚಳಿಗೆ ಇಟ್ಟರು. ನನ್ನ ತಟ್ಟೆ ಎರಡೂ ಕೆರೆಗೆ ಬಿದ್ದವು ಎಂದು ಅಜ್ಜಿ ಗೊಣಗಿದಳು. ನಾಳೆಯಿಂದ ಎಲೆ ಮೇಲೆ ಉಣ್ಣೋಣ, ಯಾರು ಬೇಡ ಅಂದೋರು ಎಂದರು ತಾತ. ಕಾಳಕ್ಕ ಅಂದು ಜಗಲಿಯ ಮೇಲೆಯೇ ಮಲಗಿದಳು. ಅವಳು ನಕ್ಕದ್ದನ್ನು ಅಜ್ಜಿ ನೋಡಿದ್ದು ಆಗ ಒಂದೇ ಸಲ.

ಬೆಳಿಗ್ಗೆ ಎರಡೂ ತಟ್ಟೆಗಳಲ್ಲಿ ಹರಳು ಎದ್ದಿದ್ದವು. ಉದ್ದವಾದ, ತಿಳಿಯಾದ, ಒಂದರ ಮೇಲೊಂದು ಒರಗಿದ ಹರಳು. ತಟ್ಟೆ ಅದಲುಬದಲು ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಾತ ಎರಡರಿಂದಲೂ ಚೂರು ತೆಗೆದು ದೀಪಕ್ಕೆ ಹಿಡಿದರು. ಹಳದಿ. ಔಷಧದ ಹನಿ ಬಿಟ್ಟರು. ಬಿಳಿ ಗಸಿ.

"ಎರಡೂ ಒಂದೇ ಕಾಳಕ್ಕ. ನೀನು ಹೇಳಿದ್ದು ಸರಿ. ಇದು ಕೆರೆ ಉಪ್ಪೇ."

ಕಾಳಕ್ಕ ಎರಡೂ ಕೈಯೆತ್ತಿ ಮುಗಿದಳು. ಬಳೆಗಳು ಸದ್ದು ಮಾಡಿದವು. ಯಜಮಾನರ ಮುಂದೆ ಬಂದು ಈ ಮಾತು ಹೇಳಿಬಿಡಿ ಮೇಷ್ಟ್ರೇ, ಅಷ್ಟು ಸಾಕು ಎಂದಳು. ಭಾನುವಾರ ಬರುತ್ತೇನೆ ಎಂದು ತಾತ ಒಪ್ಪಿದರು. ಒಪ್ಪಿ, ತಟ್ಟೆಗಳನ್ನು ಬಾಗಿಸುತ್ತಾ, ಯಾವ ಯೋಚನೆಯೂ ಇಲ್ಲದೆ ಕೇಳಿದರು. "ಕಂಬಳೀನ ಆ ಕೆರೇಲೇ ತೊಳೆದಿದ್ರೇನಮ್ಮ? ಯಜಮಾನರು ಅದನ್ನೂ ಕೇಳ್ತಾರೆ."

ಇಲ್ಲ ಎಂದಳು ಕಾಳಕ್ಕ. ಗದ್ದುಗೆ ಕಂಬಳಿಗೆ ಆ ನೀರು ಸೋಕುವ ಹಾಗಿಲ್ಲ ಎಂದು ವೇದಾವತಿಯ ಕಥೆ ಹೇಳಿದಳು.

ಹಾಗಾದರೆ ನೆಲದಿಂದ ಏರಿರಬೇಕು, ಕಟ್ಟೆಯ ಮಣ್ಣು ಕೆರೆಯದಾ ಎಂದರು ತಾತ. ಅಲ್ಲ, ಗುಡ್ಡದ ಕೆಮ್ಮಣ್ಣು. ಸೂರು ಸೋರುತ್ತದಾ? ಇಲ್ಲ. ಸೋರಿದರೂ ಅದು ಮಳೆನೀರು. ನೀನೋ ನಿಮ್ಮತ್ತೆಯೋ ಒದ್ದೆ ಮೈಯಲ್ಲಿ? ಅತ್ತೆ ಏಳಲಾರಳು. ನಾನು ಮುಟ್ಟುವ ಹಾಗಿಲ್ಲ. ನೇಯ್ದವರ ಕೈ ಬಿಟ್ಟು ಯಾರೂ ಮುಟ್ಟುವ ಹಾಗಿಲ್ಲ.

ತಾತ ತಟ್ಟೆಯನ್ನು ಕೆಳಗಿಟ್ಟರು.

"ಈ ಉಪ್ಪು ತಾನಾಗಿ ನಡೆದು ಬರಲ್ಲ ಕಾಳಕ್ಕ. ನೀರಿನ ಜತೆಗೆ ಬರಬೇಕು. ಕೆರೆ ನೀರಲ್ಲಿ ತೊಯ್ದದ್ದು ಏನೋ ಅದರ ಮೇಲೆ ಇದ್ದಿರಬೇಕು."

ಹೇಳಿದ ಮೇಲೆ ಅವರಿಗೇ ಆ ಮಾತು ಬೇಡವಾಯಿತು. ಬೇರೆ ಕಾರಣ ಇದ್ದೇ ಇರುತ್ತದೆ, ನಾನು ಬಂದು ಮನೆ ನೋಡುತ್ತೇನೆ ಎಂದು ಏನೇನೋ ಅಂದರು. ಕಾಳಕ್ಕ ಕೇಳಿಸಿಕೊಳ್ಳುತ್ತಿರಲಿಲ್ಲ. ಬಿಸಿಲು ಹಿತ್ತಿಲಿಗೆ ಬಂದಿತ್ತು. ತಟ್ಟೆಗಳ ಅಂಚಿನಲ್ಲಿ ಹರಳುಗಳು ಆಗಲೇ ಬೆಳ್ಳಗಾಗತೊಡಗಿದ್ದವು. ಅವಳು ಅದನ್ನೇ ನೋಡುತ್ತಾ ಬಲಗೈಯ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟಳು. ಮುರಿಯಲಿಲ್ಲ. ಎಡಗೈಗೆ ಕೈ ಹಾಕಿದವಳು ನಿಲ್ಲಿಸಿದಳು.

ಅಜ್ಜಿ ಹತ್ತಿರ ಹೋಗಿ ಭುಜ ಹಿಡಿದಳು. "ಏನಾಯ್ತು ಕಾಳಕ್ಕ, ಕುಂತ್ಕ."

"ನಮ್ಮತ್ತೆ ಅವತ್ತೇ ಹೇಳಿದ್ರು ಅಮ್ಮಾರೆ. ಓಬ ಬಂದಿದ್ದ, ಮೈ ತಣ್ಣಗಿತ್ತು, ಮಲಗಿದ್ದ ಅಂತ. ಅರಳುಮರಳು ಅಂದ್ಕಂಡೆ ನಾನು." ಅವಳ ದನಿ ಏರಲಿಲ್ಲ. ಅತ್ತೆ ಆ ಕಂಬಳಿಗೆ ದಿನವೂ ಹೇಳುವ ಮಾತನ್ನು ಅಜ್ಜಿಗೆ ಹೇಳಿದಳು, ಅವಳು ಕೆರೆ ತಾವ ಹೋಗ್ಯಾಳೆ, ಬತ್ತಾಳೆ, ನೀನು ಹೋಗಬ್ಯಾಡ ಎಂಬುದನ್ನು. ಇಷ್ಟು ದಿನವೂ ಅದು ಹುಚ್ಚುಮಾತು ಅಂದುಕೊಂಡಿದ್ದೆ ಎಂದಳು. ಅದು ಹುಚ್ಚುಮಾತಲ್ಲ, ಮಗನ ಜೊತೆ ಆಡಿದ ಕಡೆಯ ಮಾತು.

"ಕೆಸರಿಂದ ಎದ್ದು ಮನೆಗೇ ಬಂದಿದ್ರು. ಬದುಕಿ ಬಂದಿದ್ರು. ಕಾಳಿ ಎಲ್ಲಿ ಅಂತ ಕೇಳಿರ್ತಾರೆ. ನಿನ್ನ ಹುಡುಕಕ್ಕೆ ಕೆರೆ ತಾವ ಹೋಗ್ಯಾಳೆ ಅಂತ ಅತ್ತೆ ಹೇಳ್ಯಾರೆ."

ಮಡಕೆ ಎತ್ತಿಕೊಳ್ಳಲಿಲ್ಲ, ಬಳೆಯನ್ನೂ ಎತ್ತಿಕೊಳ್ಳಲಿಲ್ಲ. ಹಿತ್ತಿಲು, ಪಡಸಾಲೆ, ಜಗಲಿ ದಾಟಿ ಮೆಟ್ಟಿಲಿಳಿದಳು. ಅಜ್ಜಿ ಹಿಂದೆಯೇ ಬಾಗಿಲವರೆಗೆ ಬಂದಳು. ಬೀದಿಯಲ್ಲಿ ಸಂತೆಗೆ ಹೊರಟ ಕಾಯಿಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಕಾಳಕ್ಕ ತಿರುಗಿ ನೋಡಲಿಲ್ಲ. ನಡೆಯುತ್ತಲೇ, ಯಾರೋ ಪಕ್ಕದಲ್ಲಿ ಬರುತ್ತಿರುವಂತೆ, ಮೆಲ್ಲಗೆ ಹೇಳುತ್ತಾ ಹೋದಳು: "ನಾನು ಆಚೆ ದಡದಾಗೆ ಕಲ್ಲಿನ ತಾವ ಇದ್ದೆ, ನೀವು ಈಚೆ ದಡದಿಂದ ನನ್ನ ನೋಡಿ, ಸುತ್ತಿ ಬರದ್ಯಾಕೆ ಅಂತ ನಡುವೇ ಇಳಿದುಬಿಟ್ರಿ."